ತೇರಿಗೆ ಎರಡು ದಿನ ಮೊದಲೇ ಬನ್ನಿ: ಮಲೆನಾಡಿನ ಬೇಸಿಗೆ ಜಾತ್ರೆಗೆ ಊರಿಗೆ ಹೊರಟವರಿಗೆ

ಮಲೆನಾಡಿನ ಸಣ್ಣ ಊರುಗಳ ಜಾತ್ರೆ ಈಗ ನಡೆಯುತ್ತಿರುವುದು ಊರಿನಲ್ಲಿ ಉಳಿದ ಕೆಲವೇ ಮಂದಿಯ ಹೆಗಲ ಮೇಲೆ. ಅವರಲ್ಲೂ ಬಹಳಷ್ಟು ಜನ ಅರವತ್ತು ದಾಟಿದವರು. ಚಪ್ಪರ ಹಾಕುವವರು ಅವರೇ, ತೇರು ಕಟ್ಟುವವರು ಅವರೇ, ವಂತಿಗೆ ಪುಸ್ತಕ ಹಿಡಿದು ಗುಡ್ಡ ಹತ್ತಿಳಿದು ಮನೆಮನೆಗೆ ಹೋಗುವವರೂ ಅವರೇ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮಕ್ಕಳು ತೇರಿನ ದಿನ ಮಧ್ಯಾಹ್ನ ಬಂದಿಳಿದು, ಹಣ್ಣುಕಾಯಿ ಮಾಡಿಸಿ, ಉಂಡು, ಕತ್ತಲಾಗುವ ಮೊದಲೇ ಹೊರಟುಬಿಡುತ್ತಾರೆ. ಬಂದರಲ್ಲ ಎಂಬ ಸಂತೋಷ ಊರಿಗೆ ಇದ್ದೇ ಇದೆ. ಆದರೆ ಊರಿಗೆ ಬೇಕಿರುವುದು ನಿಮ್ಮ ಕೈ. ಅದಕ್ಕಾಗಿ ತೇರಿಗೆ ಎರಡು ದಿನ ಮೊದಲು ಬನ್ನಿ, ಒಂದು ದಿನ ತಡವಾಗಿ ಹೊರಡಿ. ಅದನ್ನು ಸಾಧಿಸುವುದು ಹೇಗೆ, ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ.

ಮೊದಲು ತಿಥಿ ಹಿಡಿಯಿರಿ

ಹೋದ ವರ್ಷದ ತಾರೀಕು ನೋಡಿ ರಜೆ ಹಾಕಬೇಡಿ. ನಮ್ಮ ಕಡೆಯ ಹೆಚ್ಚಿನ ರಥೋತ್ಸವಗಳು ಚಾಂದ್ರಮಾನದ ತಿಥಿಗೆ ನಡೆಯುತ್ತವೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು ಹನುಮ ಜಯಂತಿಗೆ, ಅಂದರೆ ಚೈತ್ರ ಹುಣ್ಣಿಮೆಗೆ. ಆ ಹುಣ್ಣಿಮೆ 2023ರಲ್ಲಿ ಏಪ್ರಿಲ್ 6ಕ್ಕೆ ಬಂದಿತ್ತು, 2024ರಲ್ಲಿ ಏಪ್ರಿಲ್ 23ಕ್ಕೆ, 2025ರಲ್ಲಿ ಏಪ್ರಿಲ್ 12ಕ್ಕೆ. ಚಾಂದ್ರ ವರ್ಷ ಸುಮಾರು 354 ದಿನಗಳದ್ದು. ಹಾಗಾಗಿ ತಿಥಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ನಡುವೆ ಅಧಿಕ ಮಾಸ ಬಂದರೆ ಎರಡು ಮೂರು ವಾರ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದಲೇ ಮರುವರ್ಷದ ತೇರು ಏಪ್ರಿಲ್ ಕೊನೆಯತ್ತ ಸರಿದದ್ದು. 2026ರಲ್ಲಿ ಅಧಿಕ ಜ್ಯೇಷ್ಠ. ಹಾಗಾಗಿ 2027ರ ಲೆಕ್ಕವೂ ಹೀಗೆಯೇ ಮುಂದೆ ಹೋಗುತ್ತದೆ. ಸಂಕ್ರಮಣದ ಲೆಕ್ಕದಲ್ಲಿ ನಡೆಯುವ ಜಾತ್ರೆಗಳಿಗೆ ಈ ತೊಡಕಿಲ್ಲ. ಮೇಷ ಸಂಕ್ರಮಣ ಏಪ್ರಿಲ್ 14ರ ಆಸುಪಾಸು ಬಿಟ್ಟು ಕದಲುವುದಿಲ್ಲ.

ಅಮ್ಮನ ಜಾತ್ರೆಗಳ ದಾರಿಯೇ ಬೇರೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಮತ್ತು ಶಿರಸಿಯದು ಎರಡು ವರ್ಷಕ್ಕೊಮ್ಮೆ. ಇವೆಲ್ಲ ಬಿಸಿಲು ಏರುವ ಫೆಬ್ರುವರಿ–ಮಾರ್ಚ್‌ನಲ್ಲಿ ಬರುತ್ತವೆ, ಶುರುವಾಗುವುದು ಮಂಗಳವಾರ. ಸುತ್ತಲಿನ ಹಳ್ಳಿಗಳಲ್ಲೂ ತಮ್ಮದೇ ವರ್ಷದ ಲೆಕ್ಕವಿರುವ ಮಾರಿಜಾತ್ರೆಗಳಿವೆ. ಅವುಗಳ ದಿನ ಗೊತ್ತಾಗುವುದು ಊರವರು ಕೂಡಿ ಮಾತನಾಡಿದ ಮೇಲೆಯೇ. ಸಂಕ್ರಾಂತಿಗೆ ಮನೆಗೆ ಫೋನ್ ಮಾಡಿದಾಗ ಹಬ್ಬದ ಮಾತಿನ ಜೊತೆಗೆ ಇದನ್ನೂ ಕೇಳಿಕೊಳ್ಳಿ. ಆಮಂತ್ರಣ ಪತ್ರಿಕೆ ಅಚ್ಚಾದ ಕೂಡಲೇ ಅದರ ಚಿತ್ರ ತರಿಸಿಕೊಂಡು ಓದಿ. ಧ್ವಜಾರೋಹಣ ಎಂದು, ರಥಾರೋಹಣದ ಮುಹೂರ್ತ ಎಷ್ಟು ಹೊತ್ತಿಗೆ, ತೇರು ಎಳೆಯುವುದು ಎಷ್ಟು ಹೊತ್ತಿಗೆ, ಓಕುಳಿ ಎಂದು, ಇಷ್ಟನ್ನು ಗುರುತು ಹಾಕಿಕೊಳ್ಳಿ. ದೇವರು ರಥ ಏರುವುದು ಬೆಳಿಗ್ಗೆ, ತೇರು ಹೊರಡುವುದು ಸಂಜೆ ಎಂಬ ಕ್ರಮ ಎಷ್ಟೋ ಊರುಗಳಲ್ಲಿದೆ. ಅದು ತಿಳಿಯದವರು ಒಂದನ್ನು ಕಂಡು ಇನ್ನೊಂದನ್ನು ತಪ್ಪಿಸಿಕೊಳ್ಳುತ್ತಾರೆ.

ಅದೇ ಫೋನಿನಲ್ಲಿ ಕಟ್ಟುಪಾಡುಗಳನ್ನೂ ಕೇಳಿ. ಧ್ವಜ ಏರಿದ ಮೇಲೆ ಊರು ಬಿಟ್ಟು ಬೇರೆಡೆ ರಾತ್ರಿ ತಂಗಬಾರದು, ಮದುವೆ ಮುಂಜಿ ಇಟ್ಟುಕೊಳ್ಳಬಾರದು, ಅಡುಗೆಗೆ ಒಗ್ಗರಣೆ ಹಾಕಬಾರದು ಎಂದೆಲ್ಲ ಒಂದೊಂದು ಊರಿಗೆ ಒಂದೊಂದು ನಡವಳಿಕೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಹಿರಿಯರು ಹೇಳಿಕೊಳ್ಳಲಾಗದೆ ಸಂಕಟಪಡುವ ಹಾಗೆ ಮಾಡಬೇಡಿ. ಬಳಗದಲ್ಲಿ ಸೂತಕವಿದ್ದರೆ ದೇವಸ್ಥಾನದ ಒಳಗಿನ ಕೆಲಸ ನಿಮಗೆ ಸಲ್ಲದು, ಹೊರಗಿನ ಕೆಲಸಕ್ಕೆ ಅಡ್ಡಿಯಿಲ್ಲ. ಇದನ್ನೂ ಮೊದಲೇ ತಿಳಿದುಕೊಂಡರೆ ಬಂದ ಮೇಲೆ ಮುಜುಗರವಿಲ್ಲ.

ಹೊರಡುವ ವ್ಯವಸ್ಥೆ

ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಏಪ್ರಿಲ್‌ನಲ್ಲಿ. ರೈಲು ತುಂಬುವುದೂ ಆಗಲೇ. ರೈಲ್ವೆ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ತಿಥಿಯಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ, ಆ ದಿನ ಬೆಳಿಗ್ಗೆಯೇ ಟಿಕೆಟ್ ಮಾಡಿಬಿಡಿ. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ತಾಳಗುಪ್ಪಕ್ಕೆ ಬರುವ ರಾತ್ರಿ ರೈಲು ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರದವರೆಲ್ಲರಿಗೂ ಅನುಕೂಲ. ಬೆಳಗಿನ ಜಾವ ಇಳಿದರೆ ಬಿಸಿಲೇರುವ ಮೊದಲೇ ಮನೆ ಸೇರಬಹುದು.

ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ಒಂದು ಸೂಚನೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದು ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ಶಿವಮೊಗ್ಗದಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಭಾಗಕ್ಕೆ ಓಡುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು. ಅಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮನೆಯವರನ್ನೇ ಕೇಳಿ. ಅಂತರ್ಜಾಲದ ವೇಳಾಪಟ್ಟಿಯನ್ನು ಇದಕ್ಕೆ ನಂಬಬೇಡಿ.

ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಯವರಿಗೆ ಈಗ ದಾರಿ ಸುಲಭವಾಗಿದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಹಿನ್ನೀರಿನ ಆಚೆ ಉಳಿದ ಅಲ್ಲಿನ ಜನರು ಜಾತ್ರೆಗೆ ಬರಲೂ ಹೋಗಲೂ ಲಾಂಚ್‌ಗಾಗಿ ಹೊಳೆಬಾಗಿಲಲ್ಲಿ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತರೆ ಆಚೆಯವರು ಆಚೆ, ಈಚೆಯವರು ಈಚೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಚಿಂತೆ ಕಳೆದಿದೆ. ರಾತ್ರಿಯ ಯಕ್ಷಗಾನ ನೋಡಿ, ಎರಡು ಕಿಲೋಮೀಟರಿಗಿಂತ ಉದ್ದದ ಆ ಸೇತುವೆ ದಾಟಿ ಮನೆಗೆ ಮರಳಬಹುದು. ದಶಕಗಳ ಕಾಲ ಆ ಭಾಗ್ಯವಿಲ್ಲದೆ ಬದುಕಿದ ಹಿರಿಯರು ತುಮರಿ, ಬ್ಯಾಕೋಡು ಕಡೆ ಇನ್ನೂ ಇದ್ದಾರೆ. ನಿಮ್ಮ ಕಾರಿನಲ್ಲಿ ಜಾಗವಿದ್ದರೆ ಅವರಲ್ಲಿ ಒಬ್ಬಿಬ್ಬರನ್ನು ಕರೆದುಕೊಂಡು ಬನ್ನಿ.

ಕಾರಿನಲ್ಲಿ ಬರುವವರು ವಾಹನವನ್ನು ಮನೆಯಂಗಳದಲ್ಲೇ ಬಿಟ್ಟು ದೇವಸ್ಥಾನಕ್ಕೆ ನಡೆದು ಹೋಗಿ. ರಥಬೀದಿಯ ಬದಿಗೆ ನಿಲ್ಲಿಸಿದ ಒಂದು ಕಾರು ತೇರನ್ನೇ ತಡೆಯಬಲ್ಲದು.

ವಂತಿಗೆ ಮತ್ತು ಕೆಲಸ

ಊರಿನಲ್ಲಿ ಮನೆಗೆ ಇಷ್ಟು ಎಂದು ವಂತಿಗೆ ಗೊತ್ತು ಮಾಡಿರುತ್ತಾರೆ. ಅಪ್ಪ ಕೊಟ್ಟಿದ್ದಾರೆ, ಮುಗಿಯಿತು ಎಂದುಕೊಳ್ಳಬೇಡಿ. ದುಡಿಯುವ ನೀವು ನಿಮ್ಮ ಹೆಸರಿನಲ್ಲಿ ಬೇರೆಯಾಗಿ ಕೊಡಿ, ಜಾತ್ರೆಗೆ ಒಂದು ತಿಂಗಳು ಮೊದಲೇ ಕೊಡಿ. ಶಾಮಿಯಾನ, ದೀಪ, ಧ್ವನಿವರ್ಧಕ, ಅಕ್ಕಿ, ಬೇಳೆ ಎಲ್ಲಕ್ಕೂ ಮುಂಗಡ ಕೊಡಬೇಕಾಗುವುದು ಆಗಲೇ. ತೇರಿನ ದಿನ ವೇದಿಕೆಯ ಮೇಲೆ ಕೊಡುವ ದೊಡ್ಡ ಮೊತ್ತಕ್ಕಿಂತ ಇದು ಹೆಚ್ಚು ಉಪಕಾರಿ. ರಸೀದಿ ಕೇಳಿ ಪಡೆಯಿರಿ, ಅದರಲ್ಲಿ ಸಂಕೋಚವೇನೂ ಬೇಡ. ಲೆಕ್ಕ ಇಡುವವರಿಗೂ ಅದೇ ಒಳ್ಳೆಯದು.

ಆಮೇಲೆ ಸಮಿತಿಯವರಿಗೆ ಫೋನ್ ಮಾಡಿ, ‘ನಾನು ಇಂಥ ದಿನ ಬರುತ್ತೇನೆ, ನನಗೆ ಯಾವ ಕೆಲಸ?’ ಎಂದು ಕೇಳಿ. ಬಂದ ಮೇಲೆ ಕೇಳಿದರೆ ‘ನೀವು ಕೂತುಕೊಳ್ಳಿ, ದೂರದಿಂದ ಬಂದಿದ್ದೀರಿ’ ಎನ್ನುತ್ತಾರೆ. ಮೊದಲೇ ಕೇಳಿದರೆ ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ತೇರು ಕಟ್ಟುವುದಕ್ಕೆ ಹೋಗಲು ಸಾಧ್ಯವಾದರೆ ಬಿಡಬೇಡಿ. ಗಾಲಿ, ಅಚ್ಚು, ಕೆತ್ತನೆಯ ಮರದ ಪೀಠ ವರ್ಷವಿಡೀ ತೇರಿನ ಮನೆಯಲ್ಲಿ ಇರುತ್ತವೆ. ಅದರ ಮೇಲಿನ ಗೋಪುರವನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಬಿದಿರಿನ ಗಳ, ಅಡಿಕೆ ಮರ ಸೀಳಿದ ದಬ್ಬೆ, ಹಗ್ಗ ಇಷ್ಟೇ ಸಾಮಗ್ರಿ. ಒಬ್ಬರು ದಬ್ಬೆಯನ್ನು ಎದೆಗೆ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಹಗ್ಗ ಸುತ್ತಿ ಪಾದ ಕೊಟ್ಟು ಜಗ್ಗಿ ಗಂಟು ಹಾಕುತ್ತಾರೆ. ಕೆಳಗೆ ನಿಂತ ಹಿರಿಯರು ತಲೆಯೆತ್ತಿ ನೋಡಿ ‘ಬಡಗಲಿಗೆ ಒಂದು ಬೆರಳು’ ಎನ್ನುತ್ತಾರೆ. ಆ ಒಂದು ಬೆರಳು ಸರಿಸಲು ಕಟ್ಟಿದ್ದನ್ನೆಲ್ಲ ಬಿಚ್ಚಬೇಕು. ಗೋಪುರ ಎಷ್ಟು ವಾಲಿದರೆ ತಿರುವಿನಲ್ಲಿ ಅಪಾಯ ಎಂಬ ಲೆಕ್ಕ ಯಾವ ಕಾಗದದ ಮೇಲೂ ಇಲ್ಲ, ಅವರ ಕಣ್ಣಿನಲ್ಲಿದೆ. ಮೇಲೆ ಹತ್ತಲು ಆಗುವ ಹರೆಯದವರು ಪಕ್ಕದಲ್ಲಿ ನಿಂತು ಕಲಿಯದಿದ್ದರೆ ಆ ಲೆಕ್ಕ ಅವರೊಂದಿಗೇ ಹೋಗುತ್ತದೆ. ಒಪ್ಪಿಗೆ ಕೇಳಿ, ಕೆಲಸ ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಬಣ್ಣದ ಪಟ್ಟೆ, ಪತಾಕೆ ಏರಿದ ಮೇಲಿನ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಬರಿಯ ಕಟ್ಟಿನ ಚಿತ್ರ ಯಾರ ಬಳಿಯೂ ಇರುವುದಿಲ್ಲ.

ಎತ್ತರ ಹತ್ತಲಾಗದವರಿಗೂ ಕೆಲಸಕ್ಕೆ ಬರವಿಲ್ಲ. ಹಿಂದಿನ ರಾತ್ರಿ ಅನ್ನಸಂತರ್ಪಣೆಯ ತರಕಾರಿ ಹೆಚ್ಚುವ ಜಾಗಕ್ಕೆ ಹೋಗಿ. ಮೆಟ್ಟುಗತ್ತಿಗಳ ಸಾಲಿನ ಮುಂದೆ ಸೌತೆ, ಕುಂಬಳದ ರಾಶಿ ಇರುತ್ತದೆ. ಮನೆಯಿಂದ ಒಂದು ಚಾಕು ತಂದುಕೊಂಡು ಕೂತುಬಿಡಿ. ಯಾರ ಮಗಳು ಎಲ್ಲಿದ್ದಾಳೆ, ಯಾರ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಯಾರಿಗೆ ಮಂಡಿನೋವು, ಎಲ್ಲವೂ ಅಲ್ಲಿ ತಿಳಿಯುತ್ತದೆ. ನಮ್ಮಲ್ಲಿ ಮನೆಗಳು ತೋಟಕ್ಕೊಂದರಂತೆ ಚದುರಿವೆ. ಒಂದು ಮನೆಯ ಮಾತು ಇನ್ನೊಂದಕ್ಕೆ ಕೇಳಿಸದು. ಇಷ್ಟು ಜನ ಒಂದೇ ದೀಪದ ಕೆಳಗೆ ಕೂರುವುದು ವರ್ಷದಲ್ಲಿ ಇದೊಂದೇ ರಾತ್ರಿ. ಜಾತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಹೊತ್ತೂ ಅದೇ.

ಮಾವಿನೆಲೆ ತೋರಣ, ಅಡಿಕೆ ಸಿಂಗಾರ ತರುವುದು, ಪಾನಕಕ್ಕೆ ಬೆಲ್ಲ ಕುಟ್ಟುವುದು, ಪಂಕ್ತಿಯಲ್ಲಿ ಬಡಿಸುವುದು, ಎಲೆ ತೆಗೆಯುವುದು, ಬಾವಿಯಿಂದ ನೀರು ಸೇದುವುದು, ಇವೂ ಇವೆ. ಮಕ್ಕಳಿಗೆ ನೀರು ಹಂಚುವ ಕೆಲಸ ಕೊಡಿಸಿ. ಊರಿನವರ ಮುಖ ಅವರಿಗೆ ಗುರುತಾಗುವುದು ಹಾಗೆಯೇ.

ಅಡುಗೆಮನೆಯಲ್ಲಿ ಉಳಿದುಬಿಡುವವರು

ಇದನ್ನು ಬೇರೆಯಾಗಿಯೇ ಬರೆಯಬೇಕೆನಿಸಿತು. ಜಾತ್ರೆಗೆ ಮನೆ ತುಂಬ ನೆಂಟರು. ಬೆಳಿಗ್ಗೆ ನೀರುದೋಸೆ, ಹತ್ತಕ್ಕೆ ಕಾಫಿ, ಮಧ್ಯಾಹ್ನ ಪಾಯಸದ ಊಟ, ಸಂಜೆ ಮತ್ತೆ ಕಾಫಿ. ಅಮ್ಮನೋ ಅತ್ತಿಗೆಯೋ ಒಲೆಯ ಮುಂದೆಯೇ ಇರುತ್ತಾರೆ. ಡೋಲು ಕೊಂಬಿನ ಸದ್ದು ಕೇಳಿದಾಗ ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಲ್ಲುವುದಷ್ಟೇ ಅವರ ಪಾಲಿನ ತೇರು. ಸಾಗರದಲ್ಲಿ ಮಾರಿಕಾಂಬೆಗೇ ತವರುಮನೆ ಒಂದು, ಗಂಡನ ಮನೆ ಇನ್ನೊಂದು ಎಂದು ಎರಡು ಗುಡಿಗಳಿವೆ. ಜಾತ್ರೆಯೆಂದರೆ ಹೆಣ್ಣುಮಕ್ಕಳು ತವರಿಗೆ ಬಂದು ಉಡಿ ತುಂಬಿಸಿಕೊಳ್ಳುವ ಹೊತ್ತು. ಅಂಥ ಹಬ್ಬದಲ್ಲಿ ಮನೆಯ ಹೆಂಗಸರೇ ದೇವರನ್ನು ಕಾಣದಿರುವುದು ಸರಿಯಲ್ಲ.

ಹಾಗಾಗಿ ತೇರಿನ ದಿನ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಬೇಡವೆಂದು ಮೊದಲೇ ತೀರ್ಮಾನಿಸಿ. ಎಲ್ಲರೂ ಸಂತರ್ಪಣೆಯಲ್ಲಿ ಉಣ್ಣಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯೋ ಅವಲಕ್ಕಿಯೋ ಸಾಕು, ಅದನ್ನು ಗಂಡಸರು ಮಾಡಲಿ. ಒಗ್ಗರಣೆಗೆ ಕಟ್ಟುಪಾಡಿರುವ ಊರಾದರೆ ಮೊಸರವಲಕ್ಕಿ. ತೇರು ಹೊರಡುವ ಎರಡು ಗಂಟೆ ಮೊದಲು ಮನೆಯ ಹೆಂಗಸರು ಹೊರಟಿರಬೇಕು. ಅವರು ಹೋಗದೆ ನೀವು ಹೊರಡಬೇಡಿ. ವಯಸ್ಸಾದವರನ್ನು ಬೆಳಿಗ್ಗೆ ಎಂಟರೊಳಗೆ ದರ್ಶನಕ್ಕೆ ಕರೆದುಕೊಂಡು ಹೋಗಿ. ಆಗ ಸಾಲೂ ಇರುವುದಿಲ್ಲ, ಬಿಸಿಲೂ ಇರುವುದಿಲ್ಲ. ಬಳೆ ಅಂಗಡಿಗೆ ಅವರೊಂದಿಗೆ ಹೋಗಿ, ಅವಸರ ಮಾಡದೆ ಕೂರಿ. ಬಳೆಗಾರರು ಕೈಯನ್ನು ಮೆದುವಾಗಿ ಹಿಂಡಿ ಒಂದೊಂದೇ ಗಾಜಿನ ಬಳೆ ಏರಿಸುವುದಕ್ಕೆ ಹೊತ್ತು ಹಿಡಿಯುತ್ತದೆ.

ನೀರಿನ ಬಗ್ಗೆಯೂ ಎಚ್ಚರವಿರಲಿ. ಮಳೆನಾಡಾದರೂ ಏಪ್ರಿಲ್–ಮೇನಲ್ಲಿ ಬಾವಿಯ ತಳ ಕಾಣುತ್ತದೆ. ಹತ್ತು ಜನ ನಗರದ ಅಭ್ಯಾಸದಲ್ಲಿ ಸ್ನಾನ ಮಾಡಿದರೆ ಸಂಜೆಗೆ ಪಾತ್ರೆ ತೊಳೆಯಲು ನೀರಿರದು.

ತೇರು ಎಳೆಯುವಾಗ

ಮಿಣಿ, ಅಂದರೆ ತೇರಿನ ಹಗ್ಗ, ಹಿಡಿಯುವುದಾದರೆ ಮುಂಭಾಗದಲ್ಲಿ ಹಿಡಿಯಿರಿ, ಗಾಲಿಯ ಹತ್ತಿರ ಬೇಡ. ಹಗ್ಗದ ಹೊರಬದಿಯಲ್ಲಿ ನಿಲ್ಲಿ. ಎರಡು ಮಿಣಿಗಳ ನಡುವೆ ಸಿಕ್ಕಿಕೊಂಡವರಿಗೆ ನೂಕುನುಗ್ಗಲಿನಲ್ಲಿ ಹೊರಬರಲು ದಾರಿ ಇರುವುದಿಲ್ಲ. ಹಗ್ಗ ಸಡಿಲವಾದಾಗ ಅದನ್ನು ದಾಟಬೇಡಿ, ಮರುಕ್ಷಣ ಬಿಗಿಯುತ್ತದೆ. ಗಾಲಿಯ ಪಕ್ಕದಲ್ಲಿ ಸನ್ನೆಗೋಲು ಹಿಡಿದವರು, ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ತೇರನ್ನು ತಿರುಗಿಸುವವರು ಇರುತ್ತಾರೆ. ಇಡೀ ರಥದ ದಿಕ್ಕು ಅವರ ಕೈಯಲ್ಲಿದೆ. ಅವರಿಗೆ ಜಾಗ ಬೇಕು. ಚಿತ್ರ ತೆಗೆಯಲು ಅಲ್ಲಿಗೆ ನುಗ್ಗುವುದು ಜೀವಕ್ಕೆ ಕುತ್ತು. ಮೊಬೈಲ್ ಕಿಸೆಯಲ್ಲಿರಲಿ, ಎರಡೂ ಕೈ ಮಿಣಿಯ ಮೇಲಿರಲಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು ದೂರದ ಜಗಲಿಯಿಂದ ನೋಡಿ. ಬಾಳೆಹಣ್ಣು ಎಸೆಯುವವರು ಕಳಸದತ್ತ ಗುರಿಯಿಟ್ಟು ಎಸೆದು ಹಿಂದೆ ಸರಿಯಿರಿ, ಹಿಂದಿನವರಿಗೂ ಹರಕೆ ಇರುತ್ತದೆ.

ಪೇಟೆಯ ಸಾಲು

ಚಿಲ್ಲರೆ ನೋಟು ತನ್ನಿ. ಸಾವಿರಾರು ಜನ ಸೇರಿದಾಗ ಮೊಬೈಲ್ ಸಂಪರ್ಕ ಕುಸಿದು ಹಣ ಪಾವತಿಯೂ ನಿಲ್ಲುತ್ತದೆ. ಹತ್ತು, ಇಪ್ಪತ್ತರ ನೋಟು ಇದ್ದವರೇ ಆಗ ರಾಜರು. ಮಕ್ಕಳ ಕಿಸೆಯಲ್ಲಿ ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಅರಳಿಕಟ್ಟೆಯನ್ನೋ ಧ್ವಜಸ್ತಂಭವನ್ನೋ ತೋರಿಸಿಡಿ. ತಿರುಗುವ ತೊಟ್ಟಿಲ ಹತ್ತಿರ ಎಂದು ಹೇಳಿದರೆ ಪ್ರಯೋಜನವಿಲ್ಲ, ಎಲ್ಲ ಮಕ್ಕಳೂ ಅಲ್ಲೇ ಇರುತ್ತವೆ.

ಮಂಡಕ್ಕಿ, ಖಾರಾ, ಬೆಂಡು ಬತ್ತಾಸು ಒಂದು ಕೈ ಹೆಚ್ಚೇ ಕೊಳ್ಳಿ. ಜಾತ್ರೆಗೆ ಬರಲಾಗದೆ ಮಲಗಿರುವ ಹಿರಿಯರ ಮನೆಗೆ ಅದನ್ನು ತಲುಪಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಜಾತ್ರೆಯ ಪೇಟೆಯೆಂದರೆ ಹಿಂದೆ ಮಳೆಗಾಲಕ್ಕೆ ಬೇಕಾದ ಕಂಬಳಿ, ಹಗ್ಗ, ಕತ್ತಿ, ಕುಡುಗೋಲು ಕೊಳ್ಳುವ ಜಾಗ. ಈಗಲೂ ಮೂಲೆಯಲ್ಲಿ ಕಮ್ಮಾರರ, ಬುಟ್ಟಿ ಹೆಣೆಯುವವರ ಅಂಗಡಿ ಇರುತ್ತದೆ. ಪ್ಲಾಸ್ಟಿಕ್ ಆಟಿಕೆಗೆ ಚೌಕಾಸಿ ಮಾಡಿ, ಇವರ ಬಳಿ ಬೇಡ.

ರಾತ್ರಿ ಯಕ್ಷಗಾನದ ಆಟವಿದ್ದರೆ ಚಾಪೆ, ಶಾಲು, ಟಾರ್ಚು ಒಯ್ಯಿರಿ. ಹಗಲು ಎಷ್ಟೇ ಸುಟ್ಟರೂ ಬೆಳಗಿನ ಜಾವ ಚಳಿ ಇರುತ್ತದೆ. ಮಧ್ಯಾಹ್ನದ ನಂತರ ಗುಡುಗು ಮಳೆ ಬಂದರೆ ಕರೆಂಟು ಹೋಗುವುದೂ ಖಚಿತ. ಛತ್ರಿ ಮರೆಯಬೇಡಿ.

ಇದೇ ಪ್ರವಾಸದಲ್ಲಿ ಜೋಗವನ್ನೂ ನೋಡಿಬಿಡೋಣ ಎಂದು ಹಲವರು ಹೊರಡುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ಅರ್ಧ ದಿನ ಬಿಡುವಿದ್ದರೆ ಸಾಗರದ ಬಳಿಯ ಇಕ್ಕೇರಿಗೆ ಹೋಗಿ. ಅಘೋರೇಶ್ವರ ಗುಡಿಯ ಕಲ್ಲು ಮಂಟಪ ಏಪ್ರಿಲ್‌ನಲ್ಲೂ ತಂಪಾಗಿರುತ್ತದೆ.

ಕಾಡಿನ ಅಂಚಿನಲ್ಲಿ

ಮಂಗನ ಕಾಯಿಲೆಯನ್ನು ಹಗುರವಾಗಿ ಕಾಣಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ರಕ್ತ ಹೀರುವ ಉಣ್ಣೆ ಹುಳುಗಳಿಂದ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಮ್ಮ ಜಾತ್ರೆಗಳ ಕಾಲದಲ್ಲೇ, ಅವುಗಳ ಕಾಟ ಹೆಚ್ಚು. ಮಕ್ಕಳು ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದಲ್ಲಿ ಆಡಲು, ಮುಳ್ಳುಹಣ್ಣು ಕೀಳಲು ಓಡುತ್ತಾರೆ. ಮೊದಲು ಆ ಭಾಗದಲ್ಲಿ ಈ ವರ್ಷ ಕಾಯಿಲೆ ಕಾಣಿಸಿಕೊಂಡಿದೆಯೇ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ಕಾಣಿಸಿದ್ದರೆ ಕಾಡಿಗೆ ಹೋಗುವುದೇ ಬೇಡ. ಹೋಗಲೇಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣ್ಣೆಯನ್ನು ದೂರವಿಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ. ಮರಳಿದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ತಿಳಿಸಿ.

ತೇರಿನ ಮರುದಿನ

ಉಳಿಯಬೇಕಾದ ದಿನ ಇದು. ರಥಬೀದಿಯ ತುಂಬ ಕಸ, ಬಿಚ್ಚಬೇಕಾದ ಚಪ್ಪರ, ತೊಳೆಯಬೇಕಾದ ಹಂಡೆಗಳು. ಎಲ್ಲರೂ ಹೊರಟ ಮೇಲೆ ಇವನ್ನು ಮಾಡುವವರು ಅದೇ ಹಿರಿಯರು. ಬೆಳಿಗ್ಗೆ ಎರಡು ತಾಸಿನ ಮಟ್ಟಿಗೆ ನಿಮ್ಮ ಓರಗೆಯವರನ್ನು ಕರೆದುಕೊಂಡು ಹೋಗಿ. ಮಧ್ಯಾಹ್ನ ಅಪ್ಪ ಅಮ್ಮನ ಕೆಲಸ: ಬ್ಯಾಂಕಿನ ಕಾಗದ, ಮಾತ್ರೆಗಳ ಪಟ್ಟಿ, ಸೋರುವ ಹೆಂಚು. ಮಳೆ ಹಿಡಿಯುವ ಮೊದಲು ಮಾಡಿಗೆ ಹತ್ತಿ ಹೆಂಚು ಸರಿಮಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಸಂಜೆ ಲೆಕ್ಕ ಒಪ್ಪಿಸುವ ಸಭೆಯಿದ್ದರೆ ಕೂತು ಕೇಳಿ. ಬರವಣಿಗೆ, ಕಂಪ್ಯೂಟರ್ ಬಲ್ಲವರು ಮುಂದಿನ ವರ್ಷದ ಲೆಕ್ಕಪತ್ರದ ಹೊಣೆಯನ್ನು ಕೇಳಿ ಪಡೆದುಕೊಳ್ಳಿ, ಅದನ್ನು ಬೆಂಗಳೂರಿನಲ್ಲಿ ಕೂತೂ ಮಾಡಬಹುದು.

ಹೊರಡುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಕಟ್ಟಿಕೊಡುತ್ತಾರೆ. ಜೋನಿಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿದು ನೆಟ್ಟಗೆ ನಿಲ್ಲಿಸಿ ಒಯ್ಯಿರಿ.

ನಗರ ಸೇರಿದ ಮೇಲೆ ಹತ್ತು ದಿನ ಎಲ್ಲರ ಮೈ ಮೇಲೆ ಗಮನವಿರಲಿ. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಒಮ್ಮೆಲೇ ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ತೀವ್ರ ನೋವು ಬಂದರೆ ನೀವೇ ಮಾತ್ರೆ ನುಂಗಿ ಕಾಯಬೇಡಿ. ವೈದ್ಯರ ಮುಂದೆ ಮೊದಲ ಮಾತಿಗೇ, ಶಿವಮೊಗ್ಗ ಜಿಲ್ಲೆಯ ಕಾಡಿನ ಅಂಚಿನ ಊರಿಗೆ ಹೋಗಿ ಬಂದಿದ್ದೇವೆ, ಮಂಗನ ಕಾಯಿಲೆಯ ಪರೀಕ್ಷೆ ಬೇಕೇ ನೋಡಿ ಎಂದು ಹೇಳಿ.